ನೀರು ಕುಡಿಯುವ ಅಂಗಳ

ಚಿಕ್ಕಮುನಿಯಮ್ಮ ನಡೆಯುವುದನ್ನು ನೋಡಿ ನಮ್ಮ ಬೀದಿಯವರು ನಗುತ್ತಿದ್ದರು. ಬಲಗಾಲನ್ನು ಮುಂದಿಟ್ಟು, ಹೆಬ್ಬೆರಳಿನಿಂದ ನೆಲವನ್ನೊಮ್ಮೆ ಒತ್ತಿ ನೋಡಿ, ಆಮೇಲೆಯೇ ಮೈಭಾರ ಹಾಕುವಳು. ಹೊಲದ ಬದುವಿನ ಮೇಲೂ ಹಾಗೆಯೇ, ಪೆರೇಸಂದ್ರದ ಬಸ್‌ಸ್ಟಾಪಿನ ಸಿಮೆಂಟಿನ ಮೇಲೂ ಹಾಗೆಯೇ. ಕೆರೆಯಂಚಿನ ಕೊಕ್ಕರೆ ಬಂತು ನೋಡಿ ಎಂದು ಯಾರಾದರೂ ಹಾಸ್ಯ ಮಾಡಿದರೆ ಅವಳೂ ನಗುವಳು. ಕಾಲು ಮಾತ್ರ ಒತ್ತಿ ನೋಡುವುದನ್ನು ಬಿಡುತ್ತಿರಲಿಲ್ಲ.

ಮುರುಗಮಲ್ಲದ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದಾಗ ಅವಳಿಗೆ ಈ ನಡಿಗೆ ಇರಲಿಲ್ಲ. ಗುಲಾಬಿ ತೋಟಕ್ಕೆ ಮೊಗ್ಗು ಬಿಡಿಸಲು ಜೊತೆಯಲ್ಲೇ ಹೋಗುತ್ತಿದ್ದೆವು. ಮುಳ್ಳಿನ ಸಾಲುಗಳ ನಡುವೆ ಎಲ್ಲರಿಗಿಂತ ಮುಂದೆ ಓಡುವವಳು ಅವಳೇ. ಅರ್ಧ ತೆಲುಗು, ಅರ್ಧ ಕನ್ನಡ ಕಲೆಸಿದ ಮಾತು. ದೂರಕ್ಕೆ ಕೇಳಿಸುವ ನಗು. ಆ ನಗು ಕಡಿಮೆಯಾಗಿ ಈ ನಡಿಗೆ ಬಂದದ್ದು ಬೋರು ಹಾಕಿಸಿದ ಮೇಲೆ. ಯಾಕೆಂದು ಆಗ ಯಾರಿಗೂ ತಿಳಿಯಲಿಲ್ಲ. ಎಲ್ಲ ಆಗಿಹೋದ ಮೇಲೆ ಅವಳೇ ನಮ್ಮ ಜಗಲಿಯ ಮೇಲೆ ಕೂತು, ಸ್ವಲ್ಪ ಸ್ವಲ್ಪವಾಗಿ ಹೇಳಿಕೊಂಡಳು.

ಆಗ ನಮ್ಮ ಈ ಬೀದಿ ಹುಟ್ಟಿರಲಿಲ್ಲ. ಊರ ಹೊರಗಿನ ಖಾಲಿ ಜಾಗ. ಅವಳ ಗಂಡ ಲಕ್ಷ್ಮಯ್ಯ ಮುಂದೆ ಅಲ್ಲಿ ಮನೆ ಕಟ್ಟಬೇಕೆಂದು ಮೊದಲು ಬೋರು ಹಾಕಿಸಿದ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬಂದವನು ಪಾಯಿಂಟು ತೋರಿಸಿದ, ಕಾಯಿ ಎದ್ದು ನಿಂತಿತು, ಲಾರಿ ಬಂತು. ಹಗಲೆಲ್ಲ ಕೊರೆದರೂ ಮೇಲೆ ಬಂದದ್ದು ಬರೀ ಬಿಳಿ ಧೂಳು. ನಮ್ಮ ಸೀಮೆಯಲ್ಲಿ ಇದೇನು ಹೊಸದಲ್ಲ. ಧೂಳು ಬಂದ ಬೋರು ಎಲ್ಲೆಲ್ಲಿ ಇದೆ ಎಂದು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಬೇರೆಯವರು ಮಾಡುವುದನ್ನೇ ಲಕ್ಷ್ಮಯ್ಯನೂ ಮಾಡಿದ. ಒಳಗಿಳಿಸಿದ್ದ ಕೇಸಿಂಗ್ ಪೈಪನ್ನು ಎಳೆಸಿಕೊಂಡು, ಕೆರೆ ಕೆಳಗಿನ ಹೊಲದ ಇನ್ನೊಂದು ಬೋರಿಗೆ ಹಾಕಿಸಿದ. ಅಲ್ಲಿ ನೀರು ಬಂತು. ಇಲ್ಲಿಯ ಬಾಯಿಗೆ ಗೋಣಿಚೀಲ ತುರುಕಿ ಮೇಲೆ ಮಣ್ಣೆಳೆದ. ಪೈಪು ಕಿತ್ತ ಬೋರಿಗೆ ಗೋಡೆ ಇರುವುದಿಲ್ಲ. ಮೇಲಿನ ಸಡಿಲ ಮಣ್ಣು ಒಳಗೊಳಗೇ ಜಾರುತ್ತ, ಗೇಣಗಲದ ಬಾಯಿ ಮಂಕರಿಯಷ್ಟಾಯಿತು.

ಅದು ಗೊತ್ತಾದದ್ದು ಅವರದೇ ಕುರಿಮರಿಯಿಂದ. ಎಳೆಯ ಮರಿ, ಕುಣಿಯುತ್ತ ಹೋದದ್ದು ಕಣ್ಣೆದುರೇ ಇಲ್ಲವಾಯಿತು. ಎಲ್ಲೋ ನಡುವೆ ಸಿಕ್ಕಿಕೊಂಡಿತ್ತೇನೋ, ಸಂಜೆಯವರೆಗೂ ಅದರ ಕೂಗು ನೆಲದೊಳಗಿಂದ ಬರುತ್ತಿತ್ತಂತೆ. ತಾಯಿಕುರಿ ಬಾಯಿಯ ಸುತ್ತಲೇ ತಿರುಗುತ್ತಿತ್ತು. ಚಿಕ್ಕಮುನಿಯಮ್ಮ ಹಗ್ಗಕ್ಕೆ ಸೊಪ್ಪು ಕಟ್ಟಿ ಇಳಿಬಿಟ್ಟಳು. ಹಗ್ಗ ಮುಗಿಯಿತು, ಮರಿ ಸಿಗಲಿಲ್ಲ. ಮಾರನೆಯ ದಿನ ಲಕ್ಷ್ಮಯ್ಯ ಮಂಕರಿಗಟ್ಟಲೆ ಕಲ್ಲು ಸುರಿದ. ಸುರಿದದ್ದೆಲ್ಲ ಹೋಯಿತು, ತುಂಬಿದ ಗುರುತು ಕಾಣಲಿಲ್ಲ. ಕೊನೆಗೆ ದೊಡ್ಡದೊಂದು ಚಪ್ಪಡಿ ತಂದು ಬಾಯಿಯ ಮೇಲೆ ಎಳೆದು, ಮಣ್ಣು ಮುಚ್ಚಿ, ಇದ್ದವರಿಗೆಲ್ಲ ಬೋರು ತುಂಬಿಸಿಯಾಯಿತು ಎಂದ. ನಿಜವಾಗಿ ತುಂಬಿಸುವುದು ಬೆಳೆ ಕೈಗೆ ಬಂದ ಮೇಲೆ ಎಂದುಕೊಂಡಿದ್ದ.

ಆದರೆ ಕುರಿ ಕಾಯುವ ಹುಡುಗರಿಗೆ ಅದು ಆಟವಾಯಿತು. ಚಪ್ಪಡಿಯ ಪಕ್ಕದ ಮಣ್ಣು ಕೆದಕಿ, ಸಂದಿಯಲ್ಲಿ ಕಲ್ಲು ಬಿಟ್ಟು, ಕಿವಿ ಇಟ್ಟು ಕೇಳುವರು. ಬೈದರೆ ಓಡುವರು, ಬೆನ್ನು ತಿರುಗಿಸಿದರೆ ಬರುವರು. ಚಿಕ್ಕಮುನಿಯಮ್ಮನಿಗೆ ಊಟ ಸೇರಲಿಲ್ಲ. ಆಗ ಒಂದು ಉಪಾಯ ಹೊಳೆಯಿತು. ಮನೆಗೆ ಮಿಕ್ಸಿ ಬಂದು ಒರಳುಕಲ್ಲು ಮೂಲೆ ಸೇರಿತ್ತು. ಅದರ ಗುಂಡುಕಲ್ಲನ್ನು ಹೊತ್ತು ತಂದು ಚಪ್ಪಡಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಅರಿಶಿನ ಬಳಿದು, ಕುಂಕುಮ ಇಟ್ಟಳು. ಮುನೇಶ್ವರ ಸ್ವಾಮಿ, ನಮ್ಮ ಕಡೆ ಮುನಿಯಪ್ಪ ಎನ್ನುತ್ತೇವೆ, ಕನಸಿಗೆ ಬಂದಿದ್ದ ಎಂದಳು. ಬೋರಿನವರು ತನ್ನ ನೆತ್ತಿಗೆ ಹೊಡೆದರು, ಅದಕ್ಕೇ ನೀರು ಕೊಡಲಿಲ್ಲ, ಈ ಜಾಗಕ್ಕೆ ಯಾರೂ ಕಾಲಿಡಕೂಡದು ಅಂದ ಎಂದಳು.

ಯಾಕೆ ಹಾಗೆ ಹೇಳಿದೆ ಎಂದು ನಾನು ಕೇಳಿದಾಗ ಅವಳ ಉತ್ತರ ಇಷ್ಟೇ. "ತೂತಿದೆ ಅಂದ್ರೆ ಮಕ್ಕಳು ನೋಡಕ್ಕೆ ಬರ್ತಾವೆ ಕಣಕ್ಕ. ದೇವರವ್ನೆ ಅಂದ್ರೆ ದೂರದಲ್ಲೇ ನಿಲ್ತಾವೆ."

ನಿಂತವು. ಹುಡುಗರು ಮಾತ್ರವಲ್ಲ, ದೊಡ್ಡವರೂ ಚಪ್ಪಲಿ ಬಿಟ್ಟು ಸುತ್ತು ಹಾಕಿಕೊಂಡು ಹೋಗತೊಡಗಿದರು. ಅವಳು ಗುಂಡುಕಲ್ಲಿನ ಸುತ್ತ ಕತ್ತಾಳೆ ನೆಟ್ಟಳು. ಹಿಂದೆ ಮನೆ ಎದ್ದಿತು, ಪಕ್ಕದಲ್ಲಿ ಬೀದಿ ಬೆಳೆಯಿತು, ನಮ್ಮ ಮನೆಯೂ ಅವಳ ಎದುರಿಗೆ ಬಂತು. ಅವಳ ಮನೆ ಮುಂದೆ ಮಾತ್ರ ಕತ್ತಿಯಂಥ ಎಲೆಗಳ ಪೊದೆ; ಒಳಗೆ ಹೋಗಬೇಕಾದರೆ ಗೋಡೆಗೆ ಮೈ ಒತ್ತಿಕೊಂಡು ಒಬ್ಬೊಬ್ಬರೇ ಹೋಗಬೇಕು. ಬೀದಿಯ ಮಕ್ಕಳು ಅವಳಿಗೆ ಕತ್ತಾಳೆ ಅಜ್ಜಿ ಎಂದು ಹೆಸರಿಟ್ಟವು. ಲಕ್ಷ್ಮಯ್ಯ ಬೋರು ತುಂಬಿಸಬೇಕು, ತುಂಬಿಸಬೇಕು ಎನ್ನುತ್ತಲೇ ಒಂದು ದಿನ ಎದೆನೋವಿಗೆ ಹೋಗಿಬಿಟ್ಟ. ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗ ರವಿಚಂದ್ರ ಊರಿಗೆ ಬರುವಷ್ಟರಲ್ಲಿ ಅಂಗಳದಲ್ಲಿ ದೇವರಿದ್ದ. ದೇವರ ಕೆಳಗೆ ಏನಿದೆ ಎಂಬುದು ಅವಳೊಬ್ಬಳಿಗೇ ಉಳಿಯಿತು.

ಹೇಳಬೇಕೆಂದು ಹೊರಟಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಯಾರದೋ ಮಗುವಿನ ಜ್ವರ ಆ ಕಲ್ಲಿಗೆ ಹರಸಿಕೊಂಡ ಮೇಲೆ ಇಳಿಯಿತು. ಯಾರದೋ ಹಸು ಸುಸೂತ್ರವಾಗಿ ಈಯಿತು. ಕಡೆಗೆ ಸ್ವಂತ ಸೊಸೆಯೇ ಹರಕೆ ಹೊತ್ತಳು. ಸೊಸೆ ವರಲಕ್ಷ್ಮಿ ಮೇಲೂರಿನವಳು, ರೇಷ್ಮೆ ಬಿಚ್ಚುವ ಮನೆಯ ಹುಡುಗಿ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲ. ಯಾವ ಡಾಕ್ಟರ ಹತ್ತಿರವೂ ಅಳದವಳು ಕತ್ತಾಳೆಯ ಮುಂದೆ ನಿಂತು ಅತ್ತಳು. ಮಗುವಾದರೆ ಮೊದಲ ಮುಡಿ ಇಲ್ಲೇ ಕೊಡುತ್ತೇನೆ ಎಂದಳು. ಹೆಣ್ಣು ಮಗುವಾಯಿತು. ಮುನಿಯಪ್ಪನ ಹೆಸರು ಒಳಗಿರಲಿ, ಹೊಸ ಕಾಲಕ್ಕೂ ಒಪ್ಪಲಿ ಎಂದು ಮೋನಿಷಾ ಎಂದು ಕರೆದರು, ಮುದ್ದಿಗೆ ಮೋನಿ. ಅದಾದ ಮೇಲೆ ಚಿಕ್ಕಮುನಿಯಮ್ಮನ ಬಾಯಿ ಪೂರ್ತಿ ಕಟ್ಟಿತು.

ರವಿಚಂದ್ರನಿಗೆ ಗೌರಿಬಿದನೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ವರಲಕ್ಷ್ಮಿ ಮನೆಯಲ್ಲೇ ಬ್ಲೌಸು ಹೊಲಿಯುತ್ತ, ಮದುವೆ ಹೆಣ್ಣುಗಳ ಬ್ಲೌಸಿಗೆ ಆರಿ ವರ್ಕ್ ಕಸೂತಿ ಹಾಕುವುದರಲ್ಲಿ ಹೆಸರು ಮಾಡಿದಳು. ಚಿಂತಾಮಣಿಯಿಂದ, ಶಿಡ್ಲಘಟ್ಟದಿಂದ ಕಾರಿನಲ್ಲಿ ಬರುವರು. ಬಂದವರ ಸೀರೆಯ ಸೆರಗು ಕತ್ತಾಳೆಗೆ ಸಿಕ್ಕಿ ಪರಪರ ಹರಿಯುವುದು. ಒಂದು ಸಲ ಹೊಸ ಮೈಸೂರು ಸಿಲ್ಕೇ ಹರಿಯಿತು. ಆ ಹೆಂಗಸು ಬಾಯಿಬಿಟ್ಟು ಬೈಯಲಿಲ್ಲ, ಬ್ಲೌಸು ವಾಪಸ್ ತೆಗೆದುಕೊಂಡು ಹೋದಳು. ಅಂದೇ ವರಲಕ್ಷ್ಮಿ ನಿಶ್ಚಯ ಮಾಡಿದಳು, ಮನೆಯ ಮುಂದು ಬದಲಾಗಬೇಕು, ಬಂದವರಿಗೆ ಬನ್ನಿ ಅನ್ನುವಂತಿರಬೇಕು.

ಕಳೆದ ವರ್ಷ ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅವಳು ಅಂಗಳದಲ್ಲಿ ರಂಗೋಲಿ ಪುಡಿಯಿಂದ ಗೆರೆ ಎಳೆಯುತ್ತಿದ್ದುದು ನಮ್ಮ ಜಗಲಿಗೆ ಕಾಣುತ್ತಿತ್ತು. ಬಟ್ಟೆಯ ಮೇಲೆ ಗುರುತು ಹಾಕಿದ ಹಾಗೆಯೇ ನೆಲದ ಮೇಲೂ. ಗೇಟಿನಿಂದ ಬಾಗಿಲವರೆಗೆ ಬಳಸಿ ಬರುವ ಕಲ್ಲುಹಾಸಿನ ದಾರಿ, ಗೇಟಿನ ಮೇಲೆ ಮಲ್ಲಿಗೆ ಚಪ್ಪರ, ದಾರಿಯ ಪಕ್ಕಕ್ಕೆ ಕನಕಾಂಬರ, ನಂದಿಬಟ್ಟಲು, ಕುಂಡದ ಗುಲಾಬಿ, ಕಾಯುವವರಿಗೆ ಒಂದು ಕಲ್ಲುಬೆಂಚು. ನಡುವೆ ಮುನಿಯಪ್ಪ. ಅವನ ಸುತ್ತ ದುಂಡಗೆ ಕಲ್ಲು ಹಾಸಿ ಪ್ರದಕ್ಷಿಣೆಗೆ ಜಾಗ.

ಚಿಕ್ಕಮುನಿಯಮ್ಮ ಬಾಗಿಲಲ್ಲಿ ನಿಂತು ಆ ದುಂಡು ಗೆರೆಯನ್ನೇ ನೋಡುತ್ತಿದ್ದಳು. ಕತ್ತಾಳೆ ಕೀಳಬೇಡಿ, ಸ್ವಾಮಿಗೆ ಕೋಪ ಬರುತ್ತದೆ ಎಂದಳು. ಮಗ ತಾಯಿಯ ಮಾತು ತೆಗೆದುಹಾಕಲಿಲ್ಲ. ಶಾಸ್ತ್ರ ಹೇಳುವ ಚೆನ್ನರಾಯಪ್ಪನನ್ನು ಕರೆಸಿದ. ಚೆನ್ನರಾಯಪ್ಪ ವೀಳ್ಯದೆಲೆ ಹಾಕಿ, ಕಣ್ಣು ಮುಚ್ಚಿ, ಸ್ವಾಮಿ ಇಷ್ಟು ವರ್ಷ ಮುಳ್ಳಿನಲ್ಲಿ ಕೂತು ಬೇಸತ್ತಿದ್ದಾನೆ, ಜನ ಬರಲಿ, ನೆರಳಾಗಲಿ, ನೀರೆರೆಯಲಿ ಎನ್ನುತ್ತಿದ್ದಾನೆ ಎಂದ. ಅವಳು ಕಟ್ಟಿದ ದೇವರೇ ಅವಳ ಮಾತಿಗೆ ಎದುರು ನಿಂತಿತು.

ಕತ್ತಾಳೆ ಕೀಳಲು ಬಂದ ಜೆಸಿಬಿ ಅಂಗಳಕ್ಕೆ ಮೂಗು ಹಾಕಿದ್ದೇ ತಡ, ಮುಂದಿನ ಚಕ್ರ ಮೆಲ್ಲಗೆ ತಗ್ಗಿತು. ಡ್ರೈವರು ಗಾಡಿಯನ್ನು ಹಿಂದಕ್ಕೆ ತೆಗೆದು, ಮಣ್ಣು ಸಡಿಲ ಐತೆ, ಕೈಯಲ್ಲೇ ಕೀಳಿಸಿಕೊಳ್ಳಿ ಎಂದು ಹೊರಟುಹೋದ. ಆಳುಗಳು ಕಿತ್ತರು. ಬೇರಿನ ಜೊತೆಗೆ ಬಂದ ಮಣ್ಣು ಒಣಗಿ ಹುಡಿಯಾಗಿತ್ತು. ಕಿತ್ತ ಗುಂಡಿಗಳಲ್ಲಿ ಒಂದೆರಡು ಎಷ್ಟು ಮಣ್ಣು ತುಂಬಿದರೂ ಬೆಳಗಾಗುವಷ್ಟರಲ್ಲಿ ಮತ್ತೆ ಗುಳಿ ಬಿದ್ದಿರುತ್ತಿದ್ದವು. ಇಲಿ ತೋಡಿರಬೇಕು ಎಂದು ಆಳುಗಳು ಮತ್ತಷ್ಟು ತುಂಬಿ, ಮೇಲೆ ಕಲ್ಲು ಹಾಸಿ, ಸಂದಿಗೆ ಸಿಮೆಂಟು ಬಳಿದರು.

ಬೇಸಿಗೆ ಕಳೆಯುವಷ್ಟರಲ್ಲಿ ಅಂಗಳ ಚೆಂದವಾಯಿತು, ಅದನ್ನು ಇಲ್ಲವೆನ್ನಬಾರದು. ಬೀದಿಗೆ ಬಂದವರೆಲ್ಲ ಒಂದು ಗಳಿಗೆ ನಿಂತು ನೋಡುವರು. ಬ್ಲೌಸಿಗೆ ಬಂದವರು ಮಲ್ಲಿಗೆ ಚಪ್ಪರದ ಕೆಳಗೆ ಫೋಟೋ ತೆಗೆಸಿಕೊಳ್ಳುವರು. ವರಲಕ್ಷ್ಮಿ ಪ್ರತಿಯೊಬ್ಬರನ್ನೂ ಗೇಟಿನವರೆಗೆ ಬಂದು ಕರೆದುಕೊಂಡು ಹೋಗುವಳು. ಕತ್ತಾಳೆ ಅಜ್ಜಿ ಎನ್ನುತ್ತಿದ್ದ ಮಕ್ಕಳೆಲ್ಲ ಈಗ ದುಂಡು ಕಲ್ಲುಹಾಸಿನ ಮೇಲೆ ಓಡಿ ಓಡಿ ಸುತ್ತು ಹಾಕುವವು. ಚಿಕ್ಕಮುನಿಯಮ್ಮ ಬೆಂಚಿನ ತುದಿಯಲ್ಲಿ ಕೂತು ಆ ಕಾಲುಗಳನ್ನು ನೋಡುವಳು. ಯಾವುದೋ ಒಂದು ಕಲ್ಲಿನ ಮೇಲೆ ಕಾಲು ಬಿದ್ದಾಗ ಮಾತ್ರ ಸದ್ದು ಬೇರೆ ಬರುತ್ತದೆ, ಖಾಲಿ ಡಬ್ಬದ ಮೇಲೆ ಬಡಿದ ಹಾಗೆ. ಅವಳಿಗೆ ಅದು ಕೇಳಿಸುತ್ತಿತ್ತು. ಬೇರೆಯವರು ಗಮನಿಸುತ್ತಿರಲಿಲ್ಲ.

ನೀರಿನ ಸಂಗತಿ ಶುರುವಾದದ್ದು ಮಳೆಗಾಲದ ಹೊತ್ತಿಗೆ. ಬಾಗೇಪಲ್ಲಿಯ ಕಡೆಯ ಮುದುಕಿಯೊಬ್ಬಳು ಮೊಮ್ಮಗಳ ಮದುವೆ ಬ್ಲೌಸಿಗೆಂದು ಜೊತೆಗೆ ಬಂದಿದ್ದಳು. ಕಾಯುತ್ತ ಕೂತವಳು ಎದ್ದು, ಬಕೆಟ್ಟಿನಿಂದ ಒಂದು ಚೊಂಬು ನೀರು ತೆಗೆದು ಕಲ್ಲಿನ ನೆತ್ತಿಗೆ ಸುರಿದಳು. ನೀರು ಕಲ್ಲಿನ ಬುಡಕ್ಕೆ ಇಳಿದು, ಹರಡದೆ, ನಿಲ್ಲದೆ, ಹಾಗೆಯೇ ಹೋಯಿತು. ಇನ್ನೊಂದು ಚೊಂಬು ಸುರಿದಳು. ಅದೂ ಹೋಯಿತು. ಬಕೆಟ್ಟನ್ನೇ ಬಗ್ಗಿಸಿದಳು. ಕಲ್ಲುಹಾಸು ಒದ್ದೆಯಾಗಲಿಲ್ಲ. ಮುದುಕಿ ಕೈಮುಗಿದು ಕೂತುಬಿಟ್ಟಳು.

"ಸ್ವಾಮಿ ತಾಗುತುನ್ನಾಡಮ್ಮಾ," ಎಂದಳು ಮೊಮ್ಮಗಳಿಗೆ. ಸ್ವಾಮಿ ಕುಡೀತಾ ಇದಾನೆ.

ಮೊಮ್ಮಗಳು ಫೋನಿನಲ್ಲಿ ಅದನ್ನು ವಿಡಿಯೋ ಮಾಡಿಕೊಂಡು ಹೋದಳು. ಆಮೇಲೆ ಕೇಳಬೇಕೇ. ಸೋಮವಾರ ಬಂತೆಂದರೆ ಗೇಟಿನ ಮುಂದೆ ಆಟೋ, ಬೈಕು, ಟಾಟಾ ಏಸು. ಕೈಯಲ್ಲಿ ಕೊಡ, ಬಿಂದಿಗೆ, ಪ್ಲಾಸ್ಟಿಕ್ ಕ್ಯಾನು. ಕುಡಿಯುವ ನೀರಿಗೆ ಫಿಲ್ಟರಿನ ಮುಂದೆ ಸಾಲು ನಿಲ್ಲುವ ಜನ ಇಲ್ಲಿ ಕೊಡಗಟ್ಟಲೆ ಸುರಿಯುವರು. ಎಷ್ಟು ಸುರಿದರೂ ಉಕ್ಕುವುದಿಲ್ಲ. ವರಲಕ್ಷ್ಮಿಗೆ ಇದು ಹೆಮ್ಮೆ. ತನ್ನ ಮಗುವನ್ನು ಕೊಟ್ಟ ದೇವರು ಲೋಕಕ್ಕೆಲ್ಲ ಕಾಣಿಸಿಕೊಂಡ ಎಂದು ಬಂದವರಿಗೆಲ್ಲ ಕೋಸಂಬರಿ, ಪಾನಕ ಮಾಡಿ ಹಂಚುವಳು.

ನೆಲ ತನ್ನ ಮಾತನ್ನು ತಾನು ಹೇಳುತ್ತಿತ್ತು. ಗುಲಾಬಿಯ ಕುಂಡಗಳು ಒಂದೊಂದಾಗಿ ನಡುವಿನ ಕಡೆಗೆ ವಾಲಿದವು. ನೆಟ್ಟಗೆ ಮಾಡಿಟ್ಟರೆ ವಾರದೊಳಗೆ ಮತ್ತೆ ವಾಲುವವು. ಕಲ್ಲುಹಾಸಿನ ಸಿಮೆಂಟಿನಲ್ಲಿ ಕೂದಲೆಳೆಯಷ್ಟು ಬಿರುಕು ಬಂತು, ಆಮೇಲೆ ಅದರಲ್ಲಿ ಉಗುರು ಹೋಗುವಷ್ಟಾಯಿತು. ಕನಕಾಂಬರದ ಒಂದು ಗಿಡ ಬೇರು ಸಮೇತ ನೆಲದೊಳಕ್ಕೆ ಕುಸಿದು, ಹೂವು ಮಾತ್ರ ಮೇಲೆ ಕಾಣುತ್ತಿತ್ತು. ಮುನಿಯಪ್ಪ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಾನೆ ಎಂದು ಜನ ಅದನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಚಿಕ್ಕಮುನಿಯಮ್ಮ ತನಗೆ ತಿಳಿದಷ್ಟು ಮಾಡಿದಳು. ನಲ್ಲಿಯ ವಾಲ್ವು ತಿರುಗಿಸಿ ನೀರು ನಿಲ್ಲಿಸಿದಳು. ಜನ ಮನೆಯಿಂದಲೇ ತಂದರು. ಬಕೆಟ್ಟು ಅಡಗಿಸಿಟ್ಟಳು, ಕೊಡ ತಂದರು. ಕಲ್ಲಿನ ಪಕ್ಕದಲ್ಲೇ ಕೋಲು ಹಿಡಿದು ಕೂತು, ಹತ್ತಿರ ಬರಬೇಡಿ, ದೂರ ನಿಲ್ಲಿ ಎನ್ನುತ್ತ ದಿನ ಕಳೆದಳು. ಜನ ಅವಳನ್ನು ಸ್ವಾಮಿಯ ಸೇವೆಗೆ ಕೂತವಳೆಂದು ತಿಳಿದು ಕಾಲಿಗೆ ಬಿದ್ದರು. ಒಬ್ಬ ಹೆಂಗಸು ಅವಳ ಕೋಲಿಗೂ ಅರಿಶಿನ ಹಚ್ಚಿದಳು.

ಅಷ್ಟರಲ್ಲಿ ಮೋನಿಯ ಮುಡಿ ತೆಗೆಯುವ ದಿನ ಗೊತ್ತಾಯಿತು. ಕಾರ್ತಿಕದ ಒಂದು ಸೋಮವಾರ. ಸೋದರಮಾವನ ತೊಡೆಯ ಮೇಲೆ ಮಗುವನ್ನು ಕೂರಿಸಿ, ಮುನಿಯಪ್ಪನ ಮುಂದೆಯೇ, ಆ ದುಂಡು ಕಲ್ಲುಹಾಸಿನ ಮೇಲೆಯೇ ಮುಡಿ ತೆಗೆಯಬೇಕು. ಮೊದಲು ನೂರೊಂದು ಕೊಡ ನೀರಿನ ಅಭಿಷೇಕ.

ಕಾರ್ಡು ಹಂಚಿದ ಮೇಲೆ ಚಿಕ್ಕಮುನಿಯಮ್ಮ ಮಗನನ್ನು ಹಿಂದಿನ ಹಿತ್ತಲಿಗೆ ಕರೆದು, ಬೋರು ತುಂಬಿಲ್ಲ ಎಂದಳು. ರವಿಚಂದ್ರ ಮೊದಲು ನಕ್ಕ. ಆಮೇಲೆ ಅವನ ಮುಖ ಗಂಟಿಕ್ಕಿತು. ಅಪ್ಪ ತುಂಬಿಸಿದ್ದು ಊರಿಗೇ ಗೊತ್ತು ಎಂದ. ಅವಳು ಕುರಿಮರಿಯ ವಿಷಯ ಹೇಳಿದಳು, ಚಪ್ಪಡಿಯ ವಿಷಯ ಹೇಳಿದಳು. ಅವನು ನಂಬಲೂ ಇಲ್ಲ, ನಂಬದೇ ಇರಲೂ ಇಲ್ಲ.

"ಇಷ್ಟು ವರ್ಷ ಆಗದೆ ಇರೋದು ಈ ಒಂದು ವಾರದಲ್ಲಿ ಆಗ್ಬಿಡ್ತದಾ ಅಮ್ಮ? ಮುಡಿ ಮುಗೀಲಿ. ಆಮೇಲೆ ಕೂತು ನೋಡಣ. ವರಲಕ್ಷ್ಮಿ ಕಿವಿಗೆ ಮಾತ್ರ ಇದನ್ನ ಹಾಕ್ಬೇಡ."

ಸೋಮವಾರ ಬೆಳಿಗ್ಗೆಯೇ ಮೇಲೂರಿನಿಂದ ಸೋದರಮಾವ ಮೋಹನ್‌ಬಾಬು ಬಂದಿಳಿದ. ಭಾರೀ ಆಳು. ಅವನು ಕೂತರೆ ಪ್ಲಾಸ್ಟಿಕ್ ಕುರ್ಚಿಯ ಕಾಲು ಅಗಲವಾಗುತ್ತದೆ ಎಂದು ನಂಟರಿಷ್ಟರು ನಗುವರು. ಹೊಸ ಪಂಚೆ, ಭುಜದ ಮೇಲೆ ಶಲ್ಯ. ಅಂಗಳದ ತುಂಬ ಜನ; ಬೀದಿಯಲ್ಲಿ ಇನ್ನಷ್ಟು ಜನ. ಹೆಂಗಸರು ಸಾಲಾಗಿ ಕೊಡ ಹಿಡಿದು ಬಂದರು. ಒಬ್ಬೊಬ್ಬರೇ ಸುರಿದರು. ಅರ್ಧ ಸಾಲು ಮುಗಿದಿರಬೇಕು, ಕಲ್ಲಿನ ಕೆಳಗಿಂದ ಒಂದು ಸದ್ದು ಬಂತು. ನಮ್ಮ ಜಗಲಿಗೂ ಕೇಳಿಸಿತು. ದೊಡ್ಡದೊಂದು ಪ್ರಾಣಿ ನಿದ್ದೆಯಲ್ಲಿ ಹೊರಳಿದ ಹಾಗೆ. ಜನ ಮುನಿಯಪ್ಪ, ಮುನಿಯಪ್ಪ ಎಂದು ಕೈಮುಗಿದರು. ಸಾಲು ಮುಂದೆ ಸರಿಯಿತು.

ಚಿಕ್ಕಮುನಿಯಮ್ಮ ಅಡುಗೆಮನೆಗೆ ಹೋದಳು. ವರಲಕ್ಷ್ಮಿ ಹೊಸ ರೇಷ್ಮೆ ಸೀರೆಯುಟ್ಟು ಆರತಿ ತಟ್ಟೆಗೆ ಕರ್ಪೂರ ಜೋಡಿಸುತ್ತಿದ್ದಳು. ಅತ್ತೆ ಬಾಗಿಲು ಮುಂದಕ್ಕೆ ಎಳೆದುಕೊಂಡು ನಿಂತದ್ದನ್ನು ನೋಡಿ, ಏನು ಬೇಕತ್ತೆ ಎಂದಳು.

"ಮಗೂನ ಅಲ್ಲಿ ಕೂರಿಸಬೇಡ ವರಮ್ಮ. ಅಲ್ಲಿ ದೇವರಿಲ್ಲ. ನಿಮ್ಮ ಮಾವ ಹಾಕಿಸಿದ ಬೋರಿನ ಬಾಯಿ ಐತೆ. ಕಲ್ಲು ನಾನಿಟ್ಟಿದ್ದು. ಒರಳಿನ ಗುಂಡು ಅದು, ನಾನು ಚಟ್ನಿ ಅರೀತಿದ್ದ ಗುಂಡು."

ವರಲಕ್ಷ್ಮಿ ತಟ್ಟೆಯನ್ನು ಕೆಳಗಿಡಲಿಲ್ಲ. ಬಹಳ ಮೆಲ್ಲಗೆ ಕೇಳಿದಳು.

"ಹಂಗಾದ್ರೆ ನಾನು ಬೇಡ್ಕೊಂಡಿದ್ದು ಯಾರನ್ನ ಅತ್ತೆ?"

"ಅದು ನಂಗೆ ಗೊತ್ತಿಲ್ಲಮ್ಮ. ಯಾರೋ ಕೇಳಿಸ್ಕೊಂಡವ್ರೆ, ಮಗು ಕೊಟ್ಟವ್ರೆ. ಆದ್ರೆ ಆ ಕಲ್ಲಿನ ಕೆಳಗೆ ಇರೋದು ತೂತು. ಅದರೊಳಗೆ ನಂದೊಂದು ಮರಿ ಹೋಯ್ತು. ಸಾಯಂಕಾಲದ ತಂಕ ಕೂಗ್ತು."

ವರಲಕ್ಷ್ಮಿ ತಟ್ಟೆ ಕೆಳಗಿಟ್ಟು ಹಿಂಬಾಗಿಲಿನಿಂದ ಹಿತ್ತಲಿಗೆ ಹೋದಳು. ಗೋಡೆಯ ಮೂಲೆಯಲ್ಲಿ ಒರಳುಕಲ್ಲು ಇತ್ತು. ಕೋಳಿಗಳಿಗೆ ನೀರು ಹಾಕುತ್ತಿದ್ದುದು ಅದರಲ್ಲೇ. ಇಷ್ಟು ವರ್ಷ ಆ ಮನೆಯಲ್ಲಿದ್ದರೂ ಅದರ ಗುಂಡು ಎಲ್ಲಿ ಎಂದು ಅವಳು ಕೇಳಿರಲಿಲ್ಲ. ಕೋಳಿಗಳನ್ನು ಓಡಿಸಿ, ನೀರು ಚೆಲ್ಲಿ, ಕುಳಿಯೊಳಗೆ ಕೈಯಿಟ್ಟು ಸುತ್ತಲೂ ಸವರಿ ನೋಡಿದಳು. ಪೂಜೆಯ ಹೊತ್ತಿನಲ್ಲಿ ಆ ಕಲ್ಲನ್ನು ಅದೆಷ್ಟೋ ಸಲ ತೊಳೆದವಳು ಅವಳೇ. ಅದರ ಬುಡದ ದುಂಡು, ನುಣುಪು, ಒಂದು ಕಡೆಯ ಸವಕಲು, ಎಲ್ಲ ಅವಳ ಕೈಗೆ ಗೊತ್ತಿತ್ತು. ಆ ಗುಂಡು ಈ ಕುಳಿಯದೇ ಎಂದು ಕೈಗೆ ಗೊತ್ತಾಯಿತು.

ಅವಳು ಮನೆಯೊಳಗಿಂದ ಹಾದು ಮುಂಬಾಗಿಲಿಗೆ ಬರುವಷ್ಟರಲ್ಲಿ ಅಭಿಷೇಕ ಮುಗಿದು ಮೋಹನ್‌ಬಾಬು ಕಲ್ಲಿನ ಮುಂದೆ ಕಾಲು ಮಡಚಿ ಕೂತಾಗಿತ್ತು. ತೊಡೆಯ ಮೇಲೆ ಮೋನಿ. ಕ್ಷೌರದವನು ಮಗುವಿನ ತಲೆ ನೆನೆಸಿ ಒಂದು ಪಕ್ಕದಲ್ಲಿ ಕತ್ತಿ ಆಡಿಸಿದ್ದ. ಮಗು ಅಳುತ್ತಿತ್ತು, ವಾದ್ಯದವರು ಊದುತ್ತಿದ್ದರು. ವರಲಕ್ಷ್ಮಿ ಕೈಯೆತ್ತಿ ವಾದ್ಯ ನಿಲ್ಲಿಸಿದಳು. ಕೂಗಲಿಲ್ಲ. ಗ್ರಾಹಕರಿಗೆ ಅಳತೆ ಹೇಳುವ ದನಿಯಲ್ಲೇ ಹೇಳಿದಳು.

"ಅಣ್ಣಯ್ಯ, ಎದ್ದೇಳ್ಬೇಡ. ಕೂತಲ್ಲಿಂದಲೇ ಮೋನೀನ ನನ್ನ ಕೈಗೆ ಕೊಡು."

ಮೋಹನ್‌ಬಾಬು ನಕ್ಕು, ಮುಡಿ ಅರ್ಧಕ್ಕೆ ಬಿಡ್ತಾರೇನೇ ಎಂದ. ಅವಳು ಮೊಣಕಾಲೂರಿ, ಹೊರಗಿನ ಸಾಲಿನ ಕಲ್ಲಿನಾಚೆಗೆ ಹೋಗದೆ, ಮೈ ಮುಂದಕ್ಕೆ ಚಾಚಿ ಮಗುವಿನ ರಟ್ಟೆ ಹಿಡಿದಳು. ಆಗ ಅವನಿಗೂ ಏನೋ ತಿಳಿಯಿತು. ಅವನು ಕೂತಿದ್ದ ಕಲ್ಲು ಅವನ ಕೆಳಗೆ ಅಲುಗಿತ್ತು. ಮಗುವನ್ನು ಕೊಟ್ಟ. ಕ್ಷೌರದವನು ಕತ್ತಿಯನ್ನು ಅಲ್ಲೇ ಬಿಟ್ಟು ಪಕ್ಕಕ್ಕೆ ಹಾರಿದ.

"ಈಗ ಅಂಗೈ ಊರ್ಕೊಂಡು ಬಾ. ನಿಲ್ಬೇಡ. ಮೆತ್ತಗೆ ಬಾ."

ಅಷ್ಟು ದೊಡ್ಡ ಆಳು ಹೊಸ ಪಂಚೆಯಲ್ಲಿ ಅಂಬೆಗಾಲಿಟ್ಟು ಬರುವುದನ್ನು ಕಂಡು ಬೀದಿಯ ಕಡೆಯಿಂದ ಯಾರೋ ನಕ್ಕರು. ಮಾವನಿಗೂ ಮುಡಿ ತೆಗೀರಪ್ಪ ಎಂದು ಇನ್ನೊಬ್ಬರು ಅಂದರು. ಆ ನಗು ಮುಗಿಯುವುದಕ್ಕೆ ಮುಂಚೆ ಮೋಹನ್‌ಬಾಬುವಿನ ಹಿಂಗಾಲು ಹೊರಗಿನ ಸಾಲಿಗೆ ಬಂತು. ಗುಂಡುಕಲ್ಲು, ಮೈತುಂಬ ಹಾರ ಹಾಕಿಕೊಂಡದ್ದು, ಒಂದು ಕಡೆಗೆ ತಲೆ ಬಾಗಿಸಿತು. ಆಮೇಲೆ ಇರಲಿಲ್ಲ. ಅದರ ಹಿಂದೆ ಕಲ್ಲುಹಾಸು, ಕತ್ತಿ, ನೀರಿನ ಕೊಡ, ಎರಡು ಗುಲಾಬಿ ಕುಂಡ. ನೆಲದಲ್ಲಿ ಗಾಡಿಚಕ್ರದಷ್ಟು ಅಗಲದ ಕಪ್ಪು. ಎಲ್ಲರೂ ಬಿದ್ದ ಸದ್ದಿಗೆ ಕಾದರು. ಸದ್ದು ಬರಲಿಲ್ಲ.

ರವಿಚಂದ್ರ ಗೋಡೆಗೆ ಒರಗಿ ಕೂತುಬಿಟ್ಟಿದ್ದ. ಚಿಕ್ಕಮುನಿಯಮ್ಮ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು. ಅದು ದೇವರಲ್ಲ, ತುಂಬಿಸದ ಬೋರು, ಕನಸು ಬಿದ್ದಿರಲಿಲ್ಲ, ಮಕ್ಕಳು ಹತ್ತಿರ ಹೋಗದಿರಲಿ ಎಂದು ತಾನೇ ಕಲ್ಲಿಟ್ಟದ್ದು, ದಯಮಾಡಿ ಹಿಂದಕ್ಕೆ ಹೋಗಿ. ಗಂಟಲು ಒಣಗಿ ಅವಳ ದನಿ ಗಡುಸಾಗಿತ್ತು, ಮೈ ನಡುಗುತ್ತಿತ್ತು, ತಲೆಯ ಕೂದಲು ಬಿಚ್ಚಿಹೋಗಿತ್ತು. ಚೆನ್ನರಾಯಪ್ಪ ಎರಡು ಕೈ ಎತ್ತಿ ಜನರ ಕಡೆಗೆ ತಿರುಗಿದ.

"ಮಾತಾಡ್ತಿರೋದು ಆಯಮ್ಮ ಅಲ್ಲ. ಸ್ವಾಮಿ ಮೈಮೇಲೆ ಬಂದವ್ನೆ. ನಮ್ಮನ್ನ ಪರೀಕ್ಷೆ ಮಾಡ್ತಾವ್ನೆ. ಬಾಯಿ ಬಿಟ್ಟವ್ನೆ ನೋಡ್ರಪ್ಪ, ಬಾಯಾರಿಕೆ ತೀರಿಸ್ರಿ."

ಜನ ಹಿಂದಕ್ಕೆ ಹೋಗಲಿಲ್ಲ. ತನ್ನ ಹರಕೆಗೆ ನೀರು ತಂದು ಕಾಯುತ್ತಿದ್ದ ಹೆಂಗಸೊಬ್ಬಳು ಸೊಂಟದ ಮೇಲಿನ ಕೊಡ ಸರಿಮಾಡಿಕೊಂಡು ಆ ಕಪ್ಪಿನ ಕಡೆಗೆ ಒಂದು ಹೆಜ್ಜೆ ಇಟ್ಟಳು. ಅವಳ ಹಿಂದೆ ಇನ್ನೊಬ್ಬಳು. ಬೀದಿಯಿಂದ ಹೊಸಬರು ಗೇಟಿನೊಳಕ್ಕೆ ನುಗ್ಗುತ್ತಿದ್ದರು. ಚಿಕ್ಕಮುನಿಯಮ್ಮ ಅತ್ತರೂ ಬೇಡಿದರೂ ಅದು ದೇವರ ಮಾತಾಗಿಯೇ ಅವರಿಗೆ ಕೇಳಿಸುತ್ತಿತ್ತು.

ವರಲಕ್ಷ್ಮಿ ಮಗುವನ್ನು ಅಣ್ಣನ ಕೈಗೆ ಕೊಟ್ಟು ಎದ್ದಳು. ಮೊದಲ ಹೆಂಗಸಿನ ಸೊಂಟದಿಂದ ಕೊಡ ಕಿತ್ತು ಬೀದಿಗೆ ಎಸೆದಳು. ಅವಳ ಭುಜ ಹಿಡಿದು ಹಿಂದಕ್ಕೆ ತಳ್ಳಿದಳು. ಎರಡನೆಯವಳನ್ನೂ ತಳ್ಳಿದಳು. ಬಂದವರನ್ನು ಗೇಟಿನವರೆಗೆ ಹೋಗಿ ಕೈಹಿಡಿದು ಕರೆತರುತ್ತಿದ್ದವಳು ಈಗ ತನ್ನ ನಂಟರನ್ನು, ಬ್ಲೌಸಿನ ಗಿರಾಕಿಗಳನ್ನು, ಪಾನಕ ಕುಡಿದು ಹೋಗಿದ್ದವರನ್ನು ಒಬ್ಬೊಬ್ಬರನ್ನಾಗಿ ಅದೇ ಗೇಟಿನಿಂದ ಆಚೆಗೆ ದೂಡುತ್ತಿದ್ದಳು. ಆಚೆಗೆ ಹೋದವರು ಶಾಪ ಹಾಕಿದರು. ದೇವರು ಕೊಟ್ಟ ಮಗು ಉಳಿಯುತ್ತದೇನೇ ಎಂದು ಒಬ್ಬಳು ಕೇಳಿಯೇ ಕೇಳಿದಳು. ವರಲಕ್ಷ್ಮಿ ಮಲ್ಲಿಗೆ ಚಪ್ಪರದ ಕೆಳಗೆ ಎರಡು ಕೈ ಅಗಲಿಸಿ, ಗೇಟಿಗೆ ಬೆನ್ನು ಕೊಟ್ಟು, ಮಧ್ಯಾಹ್ನದ ಬಿಸಿಲು ನೆತ್ತಿಗೆ ಬರುವವರೆಗೂ ನಿಂತಿದ್ದಳು.

ಮೋನಿಯ ಉಳಿದರ್ಧ ಮುಡಿಯನ್ನು ಅವಳು ಅಂದೇ ಸಂಜೆ ಹಿತ್ತಲಿನಲ್ಲಿ ತನ್ನ ಬಟ್ಟೆಯ ಕತ್ತರಿಯಿಂದ ಕತ್ತರಿಸಿದಳಂತೆ. ಮೊಮ್ಮಗಳನ್ನು ತೊಡೆಯ ಮೇಲೆ ಹಿಡಿದುಕೊಂಡವಳು ಚಿಕ್ಕಮುನಿಯಮ್ಮ.

ಆ ಬಾಯಿಗೆ ಕ್ವಾರಿಯಿಂದ ಟ್ರ್ಯಾಕ್ಟರುಗಟ್ಟಲೆ ದಿಂಡುಗಲ್ಲು, ಜಲ್ಲಿ, ಕಲ್ಲುಪುಡಿ ತಂದು ಸುರಿಸಿದರು. ತುಂಬಿತು ಎನ್ನುತ್ತಾರೆ. ಮೇಲೆ ಕಾಂಕ್ರೀಟು ಹಾಕಿದ್ದಾರೆ. ಪ್ರತಿ ದೊಡ್ಡ ಮಳೆಯಾದ ಮೇಲೆ ರವಿಚಂದ್ರ ಅದರ ಮೇಲೆ ಉದ್ದನೆಯ ಹಲಗೆಯಿಟ್ಟು, ಕಣ್ಣು ಕಿರಿದು ಮಾಡಿ, ತಗ್ಗಿದೆಯೇ ಎಂದು ನೋಡುತ್ತಾನೆ. ವರಲಕ್ಷ್ಮಿ ಹೊಲಿಗೆ ಮಿಷನ್ನನ್ನು ಪೆರೇಸಂದ್ರದ ಒಂದು ಅಂಗಡಿ ಕೋಣೆಗೆ ಸಾಗಿಸಿದಳು. ಚಿಕ್ಕಮುನಿಯಮ್ಮನ ನಡಿಗೆ ಬದಲಾಗಿಲ್ಲ. ಮೊಮ್ಮಗಳೂ ಈಗ ಅಜ್ಜಿಯನ್ನು ನೋಡಿ ನೋಡಿ ಹಾಗೆಯೇ ಕಾಲಿಡುತ್ತಾಳೆ.

ಸೋಮವಾರ ಮಾತ್ರ ದೂರದವರು ಇನ್ನೂ ಬರುತ್ತಾರೆ. ಗೇಟಿಗೆ ಬೀಗ ಕಂಡು ನಮ್ಮ ಜಗಲಿಗೆ ಬಂದು ವಿಚಾರಿಸುತ್ತಾರೆ. ಅಲ್ಲಿ ಯಾವ ದೇವರೂ ಇಲ್ಲಮ್ಮ, ಬೋರು ಇತ್ತು, ಮುಚ್ಚಿದರು ಎಂದು ನಾನು ಹೇಳುತ್ತೇನೆ. ಅವರು ತಲೆಯಾಡಿಸಿ, ಬೀದಿ ದಾಟಿ, ಕಾಂಪೌಂಡಿನ ಮೇಲಿಂದ ಕೈ ಚಾಚಿ ಬಾಟಲಿಯ ನೀರು ಒಳಕ್ಕೆ ಸುರಿಯುತ್ತಾರೆ. ಸುರಿದು, ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಾರೆ.